ಅತ್ತೆ ಬಿಟ್ಟುಕೊಟ್ಟ ಸನ್ನೆಗಳು

ನಮ್ಮ ಮಾಳಿಗೆ ಮೇಲಿನ ಕೋಣೆಯಲ್ಲಿ ಮೂರು ದೇಶದವರು ಇದ್ದು ಹೋಗಿದ್ದಾರೆ. ಈಗ ಅಲ್ಲಿ ಜೋಳದ ಚೀಲ, ಕೆಟ್ಟ ಕೂಲರು, ನನ್ನ ಗಂಡನ ಹಳೆಯ ಟ್ರಂಕು ಇವೆ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಫಾರಿನ್ ಮಂದಿ ಇರ್ತಿದ್ದ ಮನಿ" ಅಂದರೆ ಸಾಕು, ಆಟೋದವರು ಇಂದಿಗೂ ನಮ್ಮ ಓಣಿಗೇ ತಂದು ಬಿಡುತ್ತಾರೆ. ಒಂದು ಕಾಲಕ್ಕೆ ಆ ಮಾತು ಕೇಳಿದರೆ ನಾನು ಗೇಣುದ್ದ ಎತ್ತರ ಬೆಳೆದಂತೆ ನಡೆಯುತ್ತಿದ್ದೆ. ಈಗ ಮೈ ಉರಿಯುತ್ತದೆ. ಆಟೋದವನಿಗೆ ಬೈಯಬೇಕು ಅನಿಸುತ್ತದೆ. ಪಾಪ, ಅವನದೇನಿದೆ ಇದರಲ್ಲಿ.

ನಾನು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ ಗಂಡನಿಗೆ ನಾರಾಯಣಪುರದ ಡ್ಯಾಮಿನ ಗೇಟಿನ ಮೇಲೆ ಕೆಲಸ. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಮನೆಗೆ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ನನ್ನ ಅತ್ತೆ, ನನ್ನ ಮಗಳು. ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮಷಿನ್ ಹಾಕಿಸಿ ನೋಡಿದೆವು, ಕಿತ್ತು ಎಸೆದಳು. ಹೈದರಾಬಾದಿಗೂ ಹೋಗಿ ಬಂದೆವು. ಅಲ್ಲಿಯ ಡಾಕ್ಟರು ನಮ್ಮ ಮುಖ ನೋಡದೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ಅತ್ತೆ ವನದುರ್ಗದ ಹೆಣ್ಣುಮಗಳು. ಮಾತಾಡದೆ ಕೂಡುವುದು ಅವರಿಗೆ ಬಾರದ ವಿದ್ಯೆ. ದಿನವಿಡೀ ಮನೆಯಲ್ಲಿ ಜೊತೆಗಿರುವುದು ಮೊಮ್ಮಗಳೊಬ್ಬಳೇ. ಅವಳಿಗೆ ಕೇಳಿಸುವುದಿಲ್ಲ ಅಂದರೆ ಓಣಿಯ ಮಂದಿಯನ್ನು ಆಡಿಕೊಳ್ಳುವುದು ಯಾರ ಜೊತೆ? ಹಾಗಾಗಿ ಕೈಯಿಂದ ಶುರು ಮಾಡಿದರು. ಎರಡೂ ಕೈಯಿಂದ ಚಕ್ರ ತಿರುಗಿಸಿದರೆ ಅಪ್ಪ, ಅಂದರೆ ಡ್ಯಾಮಿನ ಗೇಟು ಎತ್ತುವವನು. ಅವರು ತಿರುಗಿಸುವುದು ಚಕ್ರವಲ್ಲ, ಗುಂಡಿ ಒತ್ತುತ್ತಾರೆ ಎಂದು ನಾನು ಹೇಳಿದರೆ, "ಗುಂಡಿ ಒತ್ತಿದ್ರ ಅದೇನ್ ಗಂಡಸರ ಕೆಲಸ ಆದಂಗ ಆಯ್ತೇನು?" ಎಂದು ನನ್ನ ಬಾಯಿ ಮುಚ್ಚಿಸಿದರು. ಗಾಳಿಯಲ್ಲಿ ಬರೆದರೆ ನಾನು. ಮೂಗಿನ ಪಕ್ಕ ಬೆರಳಿಟ್ಟು ನತ್ತು ತೋರಿಸಿದರೆ ಅಜ್ಜಿ. ಅಂಗೈ ಕೆನ್ನೆಗಿಟ್ಟು ಮಲಗಿದಂತೆ ಮಾಡಿದರೆ ನಮ್ಮ ಊರು, ಊರ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಅದಕ್ಕೆ. ಅಳತೆ ಮೀರಿ ಗಂಟೆ ಬಾರಿಸಿದಂತೆ ಕೈ ಆಡಿಸಿದರೆ ಎದುರು ಮನೆಯವಳು, ಅವಳ ಬಾಯಿ ಅಷ್ಟು ದೊಡ್ಡದು. ಅಜ್ಜಿ ಮೊಮ್ಮಗಳು ಕಟ್ಟೆಯ ಮೇಲೆ ಕೂತು ಎದುರು ಮನೆಯವಳನ್ನು ಅವಳ ಕಣ್ಣೆದುರೇ ಆಡಿಕೊಂಡು ನಗುತ್ತಿದ್ದರು.

ಸಾಲಿಯಿಂದ ಬಂದ ಮೇಲೆ ನಾನೂ ಸೇರುತ್ತಿದ್ದೆ. ಓಣಿಯ ಹುಡುಗಿಯರು ಕಲಿತರು. ಕಿರಾಣಿ ಅಂಗಡಿಯವನಿಗೂ ಬಿಸ್ಕತ್ತು, ಬೆಲ್ಲ, ನಾಳೆ ಬಾ, ಇಷ್ಟು ಬರುತ್ತಿತ್ತು. ನಾಲ್ಕು ವರ್ಷದ ಮಗಳು ಒಂದು ಸಂಜೆ ನನಗೆ, ಅಜ್ಜಿ ಮಧ್ಯಾಹ್ನ ಕದ್ದು ಬೆಲ್ಲ ತಿಂದಳು ಎಂದು ಚಾಡಿ ಹೇಳಿದ್ದಳು. ನಾನು ನಕ್ಕು ನಕ್ಕು ಸುಸ್ತಾದೆ.

ಆದರೆ ಓಣಿಯ ಆಚೆ ಏನು? ಈ ಚಿಂತೆ ನನ್ನನ್ನು ತಿನ್ನುತ್ತಿತ್ತು. ಓಣಿ ದಾಟಿದರೆ ಅವಳ ಮಾತು ಯಾರಿಗೂ ತಿಳಿಯದು. ಅದೇ ಹೊತ್ತಿಗೆ ನಮ್ಮೂರಲ್ಲಿ ಇಂಥ ಮಕ್ಕಳಿಗೆಂದು ಒಂದು ಸಣ್ಣ ಕೇಂದ್ರ ನಡೆಸುತ್ತಿದ್ದ ಸರ್ ಮನೆಗೆ ಬಂದರು. ಪರದೇಶದ ಯುವಕ ಯುವತಿಯರನ್ನು ಸೇವೆಗೆಂದು ಬೇರೆ ಬೇರೆ ದೇಶಕ್ಕೆ ಕಳಿಸುವ ದೊಡ್ಡ ಸಂಸ್ಥೆಯೊಂದು ಅವರ ಕೇಂದ್ರವನ್ನು ಆರಿಸಿಕೊಂಡಿತ್ತು. ಬಂದವರು ಒಂದು ಕುಟುಂಬದ ಜೊತೆ ಇರಬೇಕು ಎಂಬುದು ಆ ಸಂಸ್ಥೆಯ ನಿಯಮ. "ಮೇಡಂ, ನಿಮ್ಮ ಮ್ಯಾಲಿನ ಖೋಲಿ ಖಾಲಿ ಅದ. ಬರಾಕಿಗಿ ಕಿವುಡರ ಭಾಷಾ ಬರ್ತದಂತ. ಮನ್ಯಾಗೇ ಮಾಸ್ತರಣಿ ಬಂದಂಗ ಆಗ್ತದ ನೋಡ್ರಿ" ಎಂದರು. ಅಂಥ ಮಾತಿಗೆ ಯಾವ ತಾಯಿ ಇಲ್ಲ ಅಂದಾಳು? ಗಂಡ ಶನಿವಾರ ಬಂದು ಕೋಣೆಗೆ ಸುಣ್ಣ ಹೊಡೆದರು, ಫ್ಯಾನು ಹಾಕಿಸಿದರು.

ಬಂದವಳು ಅಮೆರಿಕೆಯ ಹುಡುಗಿ, ಕಾಲೇಜು ಆಗಷ್ಟೇ ಮುಗಿಸಿದ್ದಳು. ಒಳ್ಳೆಯವಳು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಸಿಟ್ಟಿನಲ್ಲಿ ಅದು ಮರೆತುಹೋದೀತು. ಪುಂಡಿಪಲ್ಯ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಮೈಯೆಲ್ಲ ಬೆವರುಸಾಲೆ ಎದ್ದರೂ ನಗುತ್ತಿದ್ದಳು. ನನ್ನ ಮಗಳು ಅವಳ ಜೊತೆ ಕೇಂದ್ರಕ್ಕೆ ಹೋಗತೊಡಗಿದಳು, ಅವಳ ನೆರಳಾದಳು. ಹೆಬ್ಬೆರಳು ಗದ್ದಕ್ಕೆ ತಾಗಿಸಿ ಐದೂ ಬೆರಳು ಬಿಚ್ಚಿದರೆ ಅವ್ವ, ಹಣೆಗೆ ತಾಗಿಸಿದರೆ ಅಪ್ಪ. ಮೂರು ಬೆರಳು ಗದ್ದಕ್ಕೆ ತಟ್ಟಿದರೆ ನೀರು. ಮಗಳು ಒಂದೊಂದನ್ನೂ ಬಾಯಾರಿದವಳು ಕುಡಿದಂತೆ ಕಲಿತಳು. ಪುಸ್ತಕದ ಚಿತ್ರ ತೋರಿಸಿದರೆ ಪಟಪಟ ಕೈ ಆಡಿಸುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಆ ಹುಡುಗಿ ನಿಧಾನ ಇಂಗ್ಲಿಷಿನಲ್ಲಿ ನನಗೆ ಹೇಳಿದಳು: ಮನೆಯಲ್ಲಿ ಒಂದು ಸನ್ನೆ, ಕೇಂದ್ರದಲ್ಲಿ ಒಂದು ಸನ್ನೆ ಆದರೆ ಮಗುವಿಗೆ ಗೊಂದಲ, ನೀವೂ ಇದನ್ನೇ ಬಳಸಿದರೆ ಚೆನ್ನ. ಹೇಳಿ ಮತ್ತೆ ರೊಟ್ಟಿ ಮುರಿದಳು. ಬೇರೆ ಯಾವ ಊರಲ್ಲಾದರೂ ಜನ ಆ ಮಾತಿಗೆ ಹೂಂ ಅಂದು ಮರುದಿನ ಮರೆಯುತ್ತಿದ್ದರು. ಆದರೆ ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ, ಅತ್ತೆ ಕೈ ತೊಳೆದು ಎದ್ದರು, ಮರುದಿನ ಶನಿವಾರ ಬೆಳಿಗ್ಗೆ ಹಣಮಪ್ಪನ ಗುಡಿಗೆ ಹೋದರು.

ನಮ್ಮ ಕಡೆ ಹರಕೆ ಅಂದರೆ ದೇವರಿಗೆ ಕೊಡುವುದಷ್ಟೇ ಅಲ್ಲ, ಬಿಡುವುದೂ ಹೌದು. ಮಗಳ ಲಗ್ನ ಆಗುವ ತನಕ ಒಬ್ಬಳು ಬದನೆಕಾಯಿ ಬಿಡುತ್ತಾಳೆ, ಮಗನ ಜ್ವರ ಇಳಿಯಲಿ ಎಂದು ಒಬ್ಬ ಚಪ್ಪಲಿ ಬಿಡುತ್ತಾನೆ. ಇಷ್ಟವಾದದ್ದನ್ನೇ ಬಿಡಬೇಕು. ಕೆಲಸ ಆಗುವ ಮೊದಲು ಮುಟ್ಟಿದರೆ ಯಾರ ಸಲುವಾಗಿ ಬಿಟ್ಟೆವೋ ಅವರಿಗೇ ತಟ್ಟುತ್ತದೆ. ಅತ್ತೆ ಗುಡಿಯಿಂದ ಬಂದು ನನ್ನೆದುರು ನಿಂತರು.

"ಇವತ್ತಿಂದ ನನ್ನ ಕೈಸನ್ನಿ ಬಿಟ್ಟೀನಿ ನೋಡವ್ವ. ಕೂಸು ಸಾಲಿ ಕೈಲೆ ಪೂರಾ ಮಾತಾಡೋತನ ನಾ ಈ ಕೈ ಎತ್ತಂಗಿಲ್ಲ. ಹಣಮಪ್ಪಗ ಬೇಡ್ಕೊಂಡ್ ಬಂದೀನಿ."

ಸಾಲಿ ಕೈ ಅಂದರೆ ಕೇಂದ್ರದಲ್ಲಿ ಕಲಿಸುವ ಸನ್ನೆ. ನನಗೆ ಕಣ್ಣು ತುಂಬಿತು. ಎಂಥ ದೊಡ್ಡ ಮನಸ್ಸು ಅನಿಸಿತು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಓಣಿಗೆಲ್ಲ ಹೇಳಿದರು, ಕಿರಾಣಿ ಅಂಗಡಿಯವನಿಗೂ ತಾಕೀತು ಮಾಡಿದರು. ಮಗಳು ಹಳೆಯ ಸನ್ನೆ ಮಾಡಿದರೆ ಅವಳ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿ, ತೋರುಬೆರಳು ಅಲ್ಲಾಡಿಸಿ ತಪ್ಪು ಎಂದು ತೋರಿಸುತ್ತಿದ್ದರು. ಹೊಸ ಸನ್ನೆ ಅತ್ತೆಗೆ ಬರಲಿಲ್ಲ. ವಯಸ್ಸಾದ ಬೆರಳು ಮಣಿಯಲಿಲ್ಲ, ನಾಚಿಕೆ ಬೇರೆ. ಹಾಗಾಗಿ ಕಟ್ಟೆಯ ಮೇಲೆ ಅಜ್ಜಿ ಮೊಮ್ಮಗಳು ಸುಮ್ಮನೆ ಕೂಡತೊಡಗಿದರು. ಮಗಳು ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸುತ್ತಿದ್ದಳು. ಅತ್ತೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಗುತ್ತಿದ್ದರು. ಇದೆಲ್ಲ ಒಂದೆರಡು ವರ್ಷದ ಮಾತು ಎಂದುಕೊಂಡಿದ್ದೆವು.

ಕೆಲವು ತಿಂಗಳಿಗೆ ಆ ಹುಡುಗಿಯ ಅವಧಿ ಮುಗಿಯಿತು. ಅತ್ತೆ ಅವಳಿಗೆ ಕುಬಸ ಕೊಟ್ಟು ಉಡಿ ತುಂಬಿದರು. ಯಾದಗಿರಿಯ ಸ್ಟೇಷನ್ನಿಗೆ ನಾವೆಲ್ಲ ಹೋದೆವು. ರೈಲು ಹೊರಟ ಮೇಲೂ ಕಿಟಕಿಯಲ್ಲಿ ಅವಳ ಕೈ, ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಮಗಳ ಕೈ ಏನೇನೋ ಮಾತಾಡುತ್ತಿದ್ದವು. ನನಗೆ ಅರ್ಧವೂ ತಿಳಿಯಲಿಲ್ಲ. ತಿಳಿಯದಿದ್ದರೂ ಸಂತೋಷವಾಗಿತ್ತು.

ಎರಡನೆಯವಳು ಜರ್ಮನಿಯಿಂದ ಬಂದಳು. ಶಿಸ್ತಿನವಳು, ಬೆಳಿಗ್ಗೆ ಎದ್ದು ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದಳು. ಮಗಳು ಓಡಿಹೋಗಿ ಮೂರು ಬೆರಳನ್ನು ಗದ್ದಕ್ಕೆ ತಟ್ಟಿ ನೀರು ಬೇಕಾ ಎಂದು ಕೇಳಿದಳು. ಬಂದವಳು ಮಗುವಿನ ಕೈ ಹಿಡಿದು, ನಕ್ಕು, ಬೇರೆಯದೇ ಏನೋ ಮಾಡಿ ತೋರಿಸಿದಳು. ಅವ್ವನಿಗೂ ಬೇರೆ, ಅಪ್ಪನಿಗೂ ಬೇರೆ. ಮಗಳು ಅಮೆರಿಕೆಯವಳ ಪಾಠ ತಪ್ಪು ಕಲಿತಿದ್ದಾಳೆ ಎಂದು ನಾನು ತಿಳಿದೆ. ಆಮೇಲೆ ಆ ಜರ್ಮನಿಯವಳೇ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು: ಕಿವುಡರ ಭಾಷೆ ಜಗತ್ತಿಗೆಲ್ಲ ಒಂದೇ ಅಲ್ಲ, ದೇಶಕ್ಕೊಂದು ಇದೆ, ನಿಮ್ಮ ದೇಶಕ್ಕೂ ಒಂದು ಇದೆ, ಅದು ನನಗೆ ಬರುವುದಿಲ್ಲ. ಇಪ್ಪತ್ತು ಕಿಲೋಮೀಟರಿಗೆ ಕನ್ನಡ ಬದಲಾಗುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವ ನನ್ನ ತಲೆಗೆ ಇದು ಹೊಳೆದಿರಲಿಲ್ಲ ನೋಡಿ. ಕೈಗೆ ಊರಿಲ್ಲ, ದೇಶವಿಲ್ಲ ಎಂದುಕೊಂಡಿದ್ದೆ.

ಕೇಂದ್ರಕ್ಕೆ ಹೋಗಿ ಸರ್ ಮೇಲೆ ಕೂಗಾಡಿದೆ. ಅವರು ಚಹಾ ತರಿಸಿದರು.

"ಮೇಡಂ, ಅವರು ದೂರದಿಂದ ಸೇವಾ ಮಾಡಾಕ ಬಂದಾರ್ರಿ. ನಿಮ್ದು ಯಾ ದೇಶದ ಕೈ ಅಂತ ಕೇಳಾಕ ಬರ್ತದೇನ್ರಿ? ಸಂಸ್ಥಾದವರು ಯಾರನ್ನ ಕಳಸ್ತಾರೋ ಅವರನ್ನ ಇಟ್ಕೋಬೇಕು. ಎಲ್ಲಾನೂ ಕಲೀಲಿ ಬಿಡ್ರಿ, ಶಾಣ್ಯಾ ಕೂಸದ."

ಶಾಣ್ಯಾ ಕೂಸು ಜರ್ಮನಿಯವಳದನ್ನೂ ಕಲಿಯಿತು. ಅವಳೂ ಅವಧಿ ಮುಗಿಸಿ ಹೋದಳು. ಮೂರನೆಯವನು ಇಂಗ್ಲೆಂಡಿನ ಹುಡುಗ. ಅವನಿಗೆ ಯಾವ ಸನ್ನೆಯೂ ಬರುತ್ತಿರಲಿಲ್ಲ. ಸಂಸ್ಥೆಯವರು ಅವನಿಗೆ ಮಕ್ಕಳ ಜೊತೆ ಕೆಲಸ ಎಂದಷ್ಟೇ ಹೇಳಿ ಕಳಿಸಿದ್ದರು. ಕೇಂದ್ರದ ಗೋಡೆಗೆ ಆನೆ, ನವಿಲು ಬರೆದ. ಚಂದಾಗಿಯೇ ಬರೆದ. ಮಗಳು ಅವನೆದುರು ನಿಂತು ಮೊದಲು ಅಮೆರಿಕೆಯ ಕೈ, ಆಮೇಲೆ ಜರ್ಮನಿಯ ಕೈ ಮಾಡಿ ನೋಡಿದಳು. ಅವನು ಎರಡಕ್ಕೂ ಹೆಬ್ಬೆರಳು ಎತ್ತಿ ನಕ್ಕ. ಬಿಸಿಲು ತಡೆಯದೆ ಬೇಗನೆ ಹೋದ. ಅವನ ನಂತರ ಸಂಸ್ಥೆ ಯಾರನ್ನೂ ಕಳಿಸಲಿಲ್ಲ. ಕೇಂದ್ರಕ್ಕೆ ಬೀಗ ಬಿತ್ತು. ಸರ್ ಸುರಪುರದಲ್ಲಿ ಈಗ ಬೇರೇನೋ ಮಾಡುತ್ತಾರಂತೆ, ನಾನು ವಿಚಾರಿಸಲು ಹೋಗಿಲ್ಲ.

ಕಡೆಗೆ ಮಗಳನ್ನು ಕಲಬುರಗಿಯ ಒಂದು ವಸತಿ ಶಾಲೆಗೆ ಸೇರಿಸಿದೆವು. ಅಲ್ಲಿ ನಮ್ಮ ದೇಶದ ಸನ್ನೆ ಕಲಿಸುತ್ತಾರೆ. ಅಲ್ಲಿಯ ಟೀಚರು ತಾಳ್ಮೆಯ ಹೆಂಗಸು. ಮೊದಲ ದಿನ ನನಗೂ ಒಂದೆರಡು ತೋರಿಸಿದರು. ಹೆಂಗಸು ಎಂಬುದಕ್ಕೆ ಅವರು ಮೂಗಿನ ಪಕ್ಕ ಬೆರಳಿಟ್ಟರು, ಮೂಗುಬೊಟ್ಟಿನ ಜಾಗಕ್ಕೆ. ಅತ್ತೆ ಕಟ್ಟೆಯ ಮೇಲೆ ಕೂತು ಮಾಡಿದ್ದನ್ನು ದೇಶವೇ ಮಾಡುತ್ತಿತ್ತು. ನಮ್ಮದನ್ನು ಬಿಡುವ ಅಗತ್ಯವೇ ಇರಲಿಲ್ಲ. ಮಗಳ ಕಡೆ ತಿರುಗಿ ನೋಡಿದೆ. ಟೀಚರ ಬೆರಳು ಮೂಗಿಗೆ ಹೋದದ್ದನ್ನು ಅವಳೂ ನೋಡಿದ್ದಳು. ಕಣ್ಣು ಕೆಳಗೆ ಹಾಕಿ, ತನ್ನ ಎರಡೂ ಕೈಯನ್ನು ಲಂಗದೊಳಗೆ ಮುಚ್ಚಿಕೊಂಡಳು.

ಅವಳು ಅಲ್ಲಿ ಕಲಿಯಲಿಲ್ಲ. ಬುದ್ಧಿಯಿಲ್ಲ ಎಂದಲ್ಲ. ಟೀಚರು ಹೇಳಿದ್ದು ಇಷ್ಟು: ಅವಳು ಕೈ ಎತ್ತುತ್ತಾಳೆ, ನಡುವೆ ನಿಲ್ಲಿಸುತ್ತಾಳೆ, ಎದುರಿನವರ ಮುಖ ನೋಡುತ್ತಾಳೆ, ಇಳಿಸಿಬಿಡುತ್ತಾಳೆ. ಉಳಿದ ಮಕ್ಕಳು ಪಟಪಟ ಮಾತಾಡುವಾಗ ಇವಳು ಗೋಡೆ ಹಿಡಿದು ನಿಲ್ಲುತ್ತಾಳೆ. ಹಬ್ಬಕ್ಕೆ ಮನೆಗೆ ಬಂದರೆ ಮನೆಯಲ್ಲೂ ಅದೇ. ಎರಡು ದೇಶದ ಮಾತು ಕಲಿತ ಹುಡುಗಿ ನೀರು ಕೇಳಲು ಬಾರದೆ ಕೊಡದ ಹತ್ತಿರ ಹೋಗಿ ನಿಲ್ಲುತ್ತಾಳೆ.

ಹೋದ ದಸರೆಯ ರಜೆ ಮುಗಿದು ಹೊರಡುವ ದಿನ ಅವಳು ಬಾಗಿಲ ಚೌಕಟ್ಟು ತಬ್ಬಿಕೊಂಡಳು. ಬಿಡಿಸಿದರೆ ಬಿಡಲಿಲ್ಲ. ಅಳು ನೋಡಲಾಗಲಿಲ್ಲ. ಅವಳ ಅಳುವಿಗೆ ಒಂದು ಸದ್ದಿದೆ, ಅದು ಅವಳಿಗೆ ಗೊತ್ತಿಲ್ಲ. ಏನಾಯಿತು, ಯಾರಾದರೂ ಏನಾದರೂ ಮಾಡಿದರಾ, ಮೈಯಲ್ಲಿ ನೋವಾ, ಏನೂ ತಿಳಿಯಲಿಲ್ಲ. ಟೀಚರಿಗೆ ಫೋನ್ ಮಾಡಿದೆ. ಅವರಿಗೂ ಏನೂ ಕಂಡಿಲ್ಲ, ಅವರ ದನಿಯಲ್ಲೇ ಗಾಬರಿ ಇತ್ತು. ಬರೀ ಮನೆಯ ನೆನಪಿರಬಹುದು, ಇರದೆಯೂ ಇರಬಹುದು. ಹೇಳಬೇಕಾದವಳು ಅವಳೊಬ್ಬಳೇ.

ಆಗ ನನಗೆ ಅಮೆರಿಕೆಯ ಹುಡುಗಿ ನೆನಪಾದಳು. ಪ್ರತಿ ವರ್ಷ ಮಗಳ ಹುಟ್ಟಿದ ದಿನಕ್ಕೆ ಫೋನಿಗೆ ಕೇಕಿನ ಚಿತ್ರ ಕಳಿಸುತ್ತಿದ್ದಳು. ಅಂದು ಸಂಜೆ ವಿಡಿಯೋ ಕಾಲ್ ಮಾಡಿದೆ. ಅವಳು ಎತ್ತಿದಳು, ಅಲ್ಲಿ ಬೆಳಗಾಗಿತ್ತು. ಪರದೆಯಲ್ಲಿ ಆ ಮುಖ ಕಂಡ ಕೂಡಲೇ ನನ್ನ ಮಗಳು ಅಳು ನಿಲ್ಲಿಸಿದಳು. ಎರಡೂ ಕೈ ಎತ್ತಿದಳು. ವರ್ಷಗಳಿಂದ ನಾನು ನೋಡಿರಲಿಲ್ಲ ಅಂಥದ್ದನ್ನು. ಕೈಗಳು ಓಡುತ್ತಿದ್ದವು, ತೋರಿಸುತ್ತಿದ್ದವು, ಎದೆಗೆ ಬಡಿಯುತ್ತಿದ್ದವು, ಮತ್ತೆ ಮೊದಲಿಂದ ಶುರುವಾಗುತ್ತಿದ್ದವು. ಉಸಿರು ಸಾಲದೆ ಅವಳ ಭುಜ ಏರಿಳಿಯುತ್ತಿತ್ತು. ನಾನು ಫೋನನ್ನು ಅವಳ ಎರಡೂ ಕೈ ಕಾಣುವಂತೆ ಹಿಡಿದೆ. ಅಂತೂ ಈಗ ತಿಳಿಯುತ್ತದೆ, ಏನೇ ಇರಲಿ, ತಿಳಿಯುತ್ತದೆ.

ಪರದೆಯಲ್ಲಿ ಆ ಹುಡುಗಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಆಮೇಲೆ ನನಗೆ, ಸ್ವಲ್ಪ ನಿಧಾನ ಮಾಡಲು ಅವಳಿಗೆ ಹೇಳುತ್ತೀರಾ, ಎಂದು ಕೇಳಿದಳು.

ನಾನು ಹೇಳಬೇಕಂತೆ! ಹೇಳಲು ಬಂದಿದ್ದರೆ ನಿನಗೇಕೆ ಫೋನ್ ಮಾಡುತ್ತಿದ್ದೆ ತಾಯೀ?

ಆ ಹುಡುಗಿ ಅಳತೊಡಗಿದಳು. ಕಾಲೇಜಿನಲ್ಲಿ ಈ ಸನ್ನೆಗಳನ್ನು ಸ್ವಲ್ಪ ದಿನ ಮಾತ್ರ ಕಲಿತಿದ್ದೆ, ಈಗ ವಿಮಾ ಕಂಪನಿಯಲ್ಲಿ ಕೆಲಸ, ಹೆಚ್ಚಿನದು ಮರೆತುಹೋಗಿದೆ, ಅವ್ವ ಎಂಬುದೊಂದು ತಿಳಿಯಿತು, ಉಳಿದದ್ದು ತಿಳಿಯುತ್ತಿಲ್ಲ, ಕ್ಷಮಿಸಿ, ಎಂದಳು. ಮಗಳು ಉತ್ತರಕ್ಕೆ ಕಾಯುತ್ತ ಪರದೆ ನೋಡುತ್ತಿದ್ದಳು. ಆ ಹುಡುಗಿ ಕೈಯಲ್ಲಿ ಏನೋ ಚೂರು ಸನ್ನೆ ಮಾಡಿದಳು, ನನಗೂ ಗುರುತಿದ್ದದ್ದು: ಚಂದ, ಒಳ್ಳೆಯ ಹುಡುಗಿ. ನನ್ನ ಮಗಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಖ ಕೆಳಗೆ ಮಾಡಿ ಚಾಪೆಯ ಮೇಲಿಟ್ಟಳು.

ಅಂದು ನಾನು ಅತ್ತೆಯ ಮೇಲೆ ಎರಗಿದೆ. "ಅತ್ತಿ, ನಿಮ್ಮ ಕಾಲ್ ಹಿಡೀತೀನಿ, ನಿಮ್ಮ ಕೈಲೆ ಒಮ್ಮೆ ಕೇಳ್ರಿ ಅಕಿನ್ನ. ನಿಮ್ದು ಮರತಿರಂಗಿಲ್ಲ ಅಕಿ."

ಅತ್ತೆ ಮೂಲೆ ಹಿಡಿದು ಕೂತಿದ್ದರು. ಕೈ ಎರಡೂ ಸೆರಗಿನೊಳಗೆ.

"ಬಿಟ್ಟಿದ್ದ ಬಿಟ್ಟಿದ್ದವ್ವ. ನಡುವ ಮುರದ್ರ ಕೂಸಿಗಿ ತಟ್ತದ."

"ಇನ್ನೇನ್ ತಟ್ಟೋದು ಉಳದದ ಅತ್ತಿ? ಹೇಳ್ರಿ, ಇನ್ನೇನ್ ಉಳದದ?"

ಸೆರಗಿನೊಳಗೆ ಅತ್ತೆಯ ಬೆರಳು ಮಿಸುಕಾಡುವುದು ನನಗೆ ಕಾಣುತ್ತಿತ್ತು. ಕಣ್ಣೀರು ಗದ್ದಕ್ಕೆ ಇಳಿದರೂ ಒರೆಸಿಕೊಳ್ಳಲು ಕೈ ಹೊರಗೆ ತೆಗೆಯಲಿಲ್ಲ. ನನಗೆ ದೇವರ ಭಯವಿಲ್ಲ ಎಂದು ಹೇಳಲಾರೆ, ಆದರೂ ಅಂದು ಹಣಮಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ಗಂಡ ಶನಿವಾರ ಬಂದು, "ಅವ್ವಗ ಏನೂ ಅನ್ನಬ್ಯಾಡ, ಅಕಿ ಒಳ್ಳೇದಕ್ಕ ಮಾಡ್ಯಾಳ" ಎಂದರು. ಒಳ್ಳೆಯದಕ್ಕೆ ಮಾಡದವರು ಯಾರಿದ್ದಾರೆ ಈ ಕತೆಯಲ್ಲಿ? ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಅವನ ಮನೆ ಮುಂದೆ ಹೋಗಿ ಮಣ್ಣು ತೂರಿ ಬರುತ್ತಿದ್ದೆ.

ಕಡೆಗೆ ನಾನೇ ಮಾಡಿದೆ. ಮಗಳೆದುರು ಕೂತು, ಹಳೆಯ ಸನ್ನೆಯಲ್ಲಿ, ಎದುರು ಮನೆಯವಳ ಗಂಟೆ ಬಾರಿಸಿದೆ. ನಗಲಿ ಎಂದು. ಅವಳು ನನ್ನ ಕೈ ನೋಡಿದಳು, ಬೆಚ್ಚಿ ಅಜ್ಜಿಯ ಕಡೆ ನೋಡಿದಳು. ಆಮೇಲೆ ನನ್ನ ಕೈಯನ್ನು ಹಿಡಿದು ಮೆಲ್ಲಗೆ ಕೆಳಗೆ ಒತ್ತಿ, ತೋರುಬೆರಳು ಅಲ್ಲಾಡಿಸಿದಳು. ತಪ್ಪು.

ಅವಳನ್ನು ಮತ್ತೆ ಕಲಬುರಗಿಗೆ ಕಳಿಸಲಿಲ್ಲ. ಮನೆಯಲ್ಲಿದ್ದಾಳೆ. ಕಸ ಗುಡಿಸುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ನಾನು ಮಾಡುವುದಕ್ಕಿಂತ ತೆಳ್ಳಗೆ. ಬಂದವರೆಲ್ಲ ಎಷ್ಟು ಶಾಂತ ಹುಡುಗಿ ಅನ್ನುತ್ತಾರೆ. ಈಗ ಅವಳು ಒಂದು ಹೊಸ ಉಪಾಯ ಕಂಡುಕೊಂಡಿದ್ದಾಳೆ. ಯಾರ ಬಾಯಿ ಆಡಿದರೂ ತಲೆಯಾಡಿಸುತ್ತಾಳೆ. ಹೌದು ಎಂದರೆ ಮಂದಿ ಖುಷಿಯಾಗಿ ಮುಂದೆ ಹೋಗುತ್ತಾರೆ, ಮತ್ತೆ ಕೇಳುವುದಿಲ್ಲ, ಅದು ಅವಳಿಗೆ ಗೊತ್ತಾಗಿದೆ.

ಮೊನ್ನೆ ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಮುಖ ನನ್ನ ಕಡೆ ತಿರುಗಿಸಿ, "ಹೊಟ್ಟಿ ಹಸದದೇನು?" ಎಂದೆ. ತಲೆಯಾಡಿಸಿದಳು. "ಊಟ ಆಗ್ಯಾದೇನು?" ಅದಕ್ಕೂ. "ಅಲ್ಲಿ ನಿಂಗ ಯಾರರ ಹೊಡದ್ರೇನು?" ಅದಕ್ಕೂ ಅಷ್ಟೇ ಮೆಲ್ಲಗೆ, ಅಷ್ಟೇ ವಿನಯದಿಂದ. ನನಗೆ ಏನು ಬಂದಿತ್ತೋ, "ನಾ ನಿಂಗ ಯಾರೂ ಅಲ್ಲಲಾ?" ಎಂದೆ.

ನನ್ನ ತುಟಿ ನಿಲ್ಲುವ ತನಕ ಕಾದು, ಮುಗುಳ್ನಕ್ಕು, ಹೌದೆಂದು ತಲೆಯಾಡಿಸಿದಳು.